ಇಟಾಲಿಯನ್ ವ್ಯಾಕರಣಕ್ಕೆ ಇಂಗ್ಲಿಷಿನ ಸುತ್ತುದಾರಿ ಏಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿದೇಶಿ ಭಾಷೆಗಳ ಕಲಿಕೆಯ ಕುರಿತು ಪತ್ರಿಕೆಗಳಲ್ಲಿ ಆಗಾಗ ಬರುವ ಬರಹಗಳು ಉದ್ಯೋಗ, ಪರೀಕ್ಷೆ, ಪ್ರಮಾಣಪತ್ರಗಳ ಸುತ್ತಲೇ ತಿರುಗುತ್ತವೆ. ಹೊಸದಾಗಿ ಕಲಿಯಲು ಕೂತವರು ಮೊದಲ ಕೆಲವು ತಿಂಗಳಲ್ಲಿ ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂಬ ಮಾತು ಅವುಗಳಲ್ಲಿ ಬರುವುದು ಅಪರೂಪ. ಆಸಕ್ತರಿಗೆ ಇಟಾಲಿಯನ್ ಭಾಷೆಯ ಆರಂಭದ ಪಾಠಗಳನ್ನು ಹೇಳಿಕೊಡುತ್ತ ಬಂದಿರುವ ನನಗೆ ದಿನದಿಂದ ದಿನಕ್ಕೆ ಖಚಿತವಾಗುತ್ತಿರುವ ಸಂಗತಿಯೊಂದಿದೆ. ಕನ್ನಡ ಬಲ್ಲವರು ಇಟಾಲಿಯನ್ ವ್ಯಾಕರಣವನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೊರಟಾಗ ಇಲ್ಲದ ತೊಡಕುಗಳು ಹುಟ್ಟಿಕೊಳ್ಳುತ್ತವೆ, ನಿಜವಾಗಿ ಇರುವ ತೊಡಕುಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ಅದೇ ವ್ಯಾಕರಣವನ್ನು ಕನ್ನಡ ವ್ಯಾಕರಣದ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಅಧ್ಯಾಯಗಳು ಅರ್ಧ ಗಂಟೆಯ ಮಾತಾಗುತ್ತವೆ. ಇದನ್ನು ಕೆಲವು ಉದಾಹರಣೆಗಳೊಂದಿಗೆ ವಿವರಿಸಲು ತಮ್ಮ ಪತ್ರಿಕೆಯಲ್ಲಿ ಸ್ಥಳಾವಕಾಶ ಕೋರುತ್ತೇನೆ.

ಉಚ್ಚಾರಣೆಯಿಂದಲೇ ಆರಂಭಿಸಬಹುದು. ಇಂಗ್ಲಿಷ್ ಮಾತನಾಡುವವರಿಗೆಂದು ಬರೆದ ಪುಸ್ತಕಗಳು ಇಟಾಲಿಯನ್ನಿನ ಒತ್ತಕ್ಷರಗಳ ವಿಷಯದಲ್ಲಿ ಬಹಳ ಎಚ್ಚರಿಕೆ ಹೇಳುತ್ತವೆ. 'ಸೇತೆ' ಎಂದರೆ ಬಾಯಾರಿಕೆ, 'ಸೆತ್ತೆ' ಎಂದರೆ ಏಳು. 'ನೋನೊ' ಎಂದರೆ ಒಂಬತ್ತನೆಯದು, 'ನೊನ್ನೊ' ಎಂದರೆ ಅಜ್ಜ. 'ಕಪೆಲ್ಲೊ' ತಲೆಗೂದಲು, 'ಕಪ್ಪೆಲ್ಲೊ' ತಲೆಯ ಮೇಲಿನ ಟೋಪಿ. ಪದದ ನಡುವೆ ವ್ಯಂಜನವನ್ನು ಒತ್ತಿ ಹಿಡಿದು ಅರ್ಥ ಬದಲಿಸುವ ರೂಢಿ ಇಂಗ್ಲಿಷಿಗೆ ಇಲ್ಲವಾದ್ದರಿಂದ ಆ ಎಚ್ಚರಿಕೆ ಅವರಿಗೆ ಬೇಕೇ ಬೇಕು. ಕತೆಗೂ ಕತ್ತೆಗೂ, ಎಲೆಗೂ ಎಲ್ಲೆಗೂ ಇರುವ ವ್ಯತ್ಯಾಸವನ್ನು ಮಾತು ಕಲಿತಾಗಿನಿಂದ ಬಲ್ಲ ನಮಗೆ ಇದು ಪಾಠವೇ ಅಲ್ಲ. ಆದರೂ ನಮ್ಮವರು ರೋಮನ್ ಲಿಪಿಯಲ್ಲಿ ಎರಡು 'ಟಿ' ಕಂಡೊಡನೆ ಇಂಗ್ಲಿಷ್ ಓದಿನ ಅಭ್ಯಾಸಬಲದಿಂದ ಒಂದನ್ನು ನುಂಗಿ 'ಸೆಟೆ' ಎಂದು ಓದಿಬಿಡುತ್ತಾರೆ. ಅಲ್ಲಿ ಒತ್ತು ಹೋದದ್ದು ಒಂದು ನಷ್ಟವಾದರೆ, ತ ಹೋಗಿ ಟ ಬಂದದ್ದು ಇನ್ನೊಂದು. ಇಟಾಲಿಯನ್ನಿನ 'ಟಿ' ಮತ್ತು 'ಡಿ' ಅಕ್ಷರಗಳು ನಾಲಿಗೆ ಹಲ್ಲಿನ ಹಿಂಬದಿಯನ್ನು ತಾಗಿ ಹುಟ್ಟುವ ನಮ್ಮ ತಕಾರ ದಕಾರಗಳೇ ಹೊರತು ಟಕಾರ ಡಕಾರಗಳಲ್ಲ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಹೆಚ್ಚುಕಡಿಮೆ ಬಳಸದೆಯೇ ಬಿಟ್ಟ ಞಕಾರವೂ ಇಲ್ಲಿ ಕೆಲಸಕ್ಕೆ ಬರುತ್ತದೆ: ಬಚ್ಚಲುಮನೆಗೆ ಇಟಾಲಿಯನ್ನರು 'ಬಞ್ಞೊ' ಎನ್ನುತ್ತಾರೆ.

ಮೊದಲ ವಾರದಲ್ಲೇ ಕಲಿಯುವವರನ್ನು ಕಂಗೆಡಿಸುವುದು ಆರ್ಟಿಕಲ್ಲುಗಳು. ಇಂಗ್ಲಿಷಿನಲ್ಲಿ 'ದಿ' ಎಂಬ ಒಂದೇ ರೂಪ ಮಾಡುವ ಕೆಲಸಕ್ಕೆ ಇಟಾಲಿಯನ್ನಿನಲ್ಲಿ ಏಕವಚನದಲ್ಲಿ 'ಇಲ್', 'ಲೊ', 'ಲ', ಸ್ವರಕ್ಕೆ ಮೊದಲು ಬರಿಯ 'ಲ್', ಬಹುವಚನದಲ್ಲಿ 'ಇ', 'ಲ್ಯಿ', 'ಲೆ' ಎಂಬ ಏಳು ರೂಪಗಳಿವೆ. ಪುಲ್ಲಿಂಗ ಪದಕ್ಕೆ ಸಾಮಾನ್ಯವಾಗಿ 'ಇಲ್' ಬರುತ್ತದೆ: 'ಇಲ್ ಲಿಬ್ರೊ' ಎಂದರೆ ಪುಸ್ತಕ. ಪದವು ಸಕಾರದ ಸಂಯುಕ್ತಾಕ್ಷರ, ಜ಼ಡ್ ಅಕ್ಷರ ಮುಂತಾದವುಗಳಿಂದ ಆರಂಭವಾದರೆ 'ಲೊ' ಬರಬೇಕು: 'ಲೊ ಸ್ತುದೆಂತೆ' ಎಂದರೆ ವಿದ್ಯಾರ್ಥಿ, 'ಲೊ ಸ್ಪೆಕ್ಕ್ಯೊ' ಎಂದರೆ ಕನ್ನಡಿ. ಪುಸ್ತಕಗಳು ಇದನ್ನೊಂದು ನಿಯಮವೆಂದು ಪಟ್ಟಿಯಲ್ಲಿ ಕೊಟ್ಟು ಮುಂದೆ ಹೋಗುತ್ತವೆ. ಹೀಗೇಕೆ ಎಂದು ಕೇಳಿದರೆ ಉತ್ತರ ನಮ್ಮ ಆಡುಮಾತಿನಲ್ಲೇ ಇದೆ. 'ಇಲ್ ಸ್ತುದೆಂತೆ' ಎಂದರೆ ಲ್, ಸ್, ತ್ ಮೂರೂ ಒಂದರ ಮೇಲೊಂದು ಬಿದ್ದು ನಾಲಿಗೆ ತೊಡರುತ್ತದೆ. ನಡುವೆ ಒಂದು ಸ್ವರ ಸಿಕ್ಕರೆ ಉಸಿರಾಡಬಹುದು. ಸ್ಕೂಲನ್ನು ಇಸ್ಕೂಲು ಎನ್ನುವ, ಸ್ಟೇಷನ್ನನ್ನು ಇಸ್ಟೇಷನ್ನು ಎನ್ನುವ ನಾಲಿಗೆಗೆ ಈ ಕಷ್ಟ ಹೊಸದಲ್ಲ. ಇನ್ನೂ ಸೊಗಸೆಂದರೆ ಹಳೆಯ ಇಟಾಲಿಯನ್ನಿನಲ್ಲಿಯೂ ವ್ಯಂಜನದ ನಂತರ ಇಂಥ ಪದ ಬಂದಾಗ ಮೊದಲಿಗೆ ಇಕಾರವೊಂದನ್ನು ಸೇರಿಸಿಕೊಳ್ಳುವ ಪದ್ಧತಿಯಿತ್ತು. ಬರಹದ ಮೂಲಕ ಎಂಬ ಅರ್ಥದ 'ಪೆರ್ ಇಸ್ಕ್ರಿತ್ತೊ' ಎಂಬ ನುಡಿಗಟ್ಟಿನಲ್ಲಿ ಅದು ಇಂದಿಗೂ ಉಳಿದಿದೆ. ಇನ್ನು, ಗೆಳೆಯ ಎಂಬ ಅರ್ಥದ 'ಅಮೀಕೊ' ಪದಕ್ಕೆ ಮೊದಲು 'ಲೊ' ಬಂದು 'ಲಮೀಕೊ' ಆಗುವುದು, ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವ ಲೋಪಸಂಧಿಯೇ. ಅವರು ಲೋಪವಾದ ಜಾಗದಲ್ಲಿ ಮೇಲೊಂದು ಚಿಹ್ನೆ ಹಾಕುತ್ತಾರೆ, ನಾವು ಹಾಕುವುದಿಲ್ಲ, ಅಷ್ಟೆ.

ಆರ್ಟಿಕಲ್ಲಿನ ನಿಜವಾದ ಕಷ್ಟ ರೂಪದಲ್ಲಿಲ್ಲ, ಅದನ್ನು ಎಲ್ಲಿ ಬಳಸಬೇಕು ಎಂಬುದರಲ್ಲಿದೆ. ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ಲದ್ದರಿಂದ ನಮ್ಮವರು ಇಂಗ್ಲಿಷಿನ ಅಂದಾಜನ್ನು ಇಲ್ಲಿಗೆ ಎಳೆದು ತರುತ್ತಾರೆ, ಆ ಅಂದಾಜು ಇಲ್ಲಿ ಕೈಕೊಡುತ್ತದೆ. 'ನನ್ನ ಪುಸ್ತಕ' ಎನ್ನುವಲ್ಲಿ ಇಂಗ್ಲಿಷಿಗೆ ಆರ್ಟಿಕಲ್ ಬೇಡ, ಇಟಾಲಿಯನ್ನಿಗೆ ಬೇಕು: 'ಇಲ್ ಮೀಓ ಲಿಬ್ರೊ'. ಆದರೆ 'ನನ್ನ ತಾಯಿ' ಎನ್ನುವಲ್ಲಿ ಇಟಾಲಿಯನ್ನಿಗೂ ಬೇಡ. ಹತ್ತಿರದ ಬಂಧುವಾಚಕ ಏಕವಚನದಲ್ಲಿದ್ದರೆ ಬರಿಯ 'ಮೀಅ ಮಾದ್ರೆ' ಎನ್ನಬೇಕು. ನೀರು, ತಾಳ್ಮೆ, ಸಮಯ ಮುಂತಾದವುಗಳ ಬಗ್ಗೆ ಸಾಮಾನ್ಯವಾಗಿ ಹೇಳುವಾಗ ಇಂಗ್ಲಿಷ್ ಆರ್ಟಿಕಲ್ ಬಿಡುತ್ತದೆ, ಇಟಾಲಿಯನ್ ಬಿಡುವುದಿಲ್ಲ. ಇಂಗ್ಲಿಷನ್ನು ಮರೆತು ಕಲಿಯುವವರು ಇಲ್ಲಿ ಕಡಿಮೆ ಎಡವುತ್ತಾರೆ.

ಲಿಂಗದ ವಿಚಾರ ಬೇರೆ ಬಗೆಯದು. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ: ಮನುಷ್ಯರಲ್ಲಿ ಗಂಡು ಪುಲ್ಲಿಂಗ, ಹೆಣ್ಣು ಸ್ತ್ರೀಲಿಂಗ, ಉಳಿದದ್ದು ನಪುಂಸಕಲಿಂಗ. ಇಟಾಲಿಯನ್ನಿಗೆ ನಪುಂಸಕಲಿಂಗವೇ ಇಲ್ಲವಾದ್ದರಿಂದ ಕುರ್ಚಿ ಸ್ತ್ರೀಲಿಂಗ, ಹಾಸಿಗೆ ಪುಲ್ಲಿಂಗ. ಇದು ಕನ್ನಡಿಗರಿಗೆ ನಿಜವಾಗಿ ಕಷ್ಟವಾಗುವ ಜಾಗ, ಇದನ್ನು ಸುಲಭವೆಂದು ನಂಬಿಸುವುದು ಸರಿಯಲ್ಲ. ಆದರೆ ಪದದ ಲಿಂಗಕ್ಕೂ ವಸ್ತುವಿಗೂ ಸಂಬಂಧವಿರಬೇಕಾಗಿಲ್ಲ ಎಂಬ ಕಲ್ಪನೆ ನಮಗೆ ಪೂರ್ತಿ ಹೊಸದೂ ಅಲ್ಲ. ಹೆಂಡತಿ ಎಂಬ ಅರ್ಥದ 'ದಾರ' ಶಬ್ದ ಸಂಸ್ಕೃತದಲ್ಲಿ ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ ಎಂದು ಕೇಳಿದವರು ನಮ್ಮಲ್ಲಿ ಬಹಳಷ್ಟಿದ್ದಾರೆ. ಒಕಾರದಲ್ಲಿ ಮುಗಿಯುವವು ಹೆಚ್ಚಾಗಿ ಪುಲ್ಲಿಂಗ, ಬಹುವಚನದಲ್ಲಿ ಇಕಾರ. ಅಕಾರದಲ್ಲಿ ಮುಗಿಯುವವು ಹೆಚ್ಚಾಗಿ ಸ್ತ್ರೀಲಿಂಗ, ಬಹುವಚನದಲ್ಲಿ ಎಕಾರ. ಎಕಾರದಲ್ಲಿ ಮುಗಿಯುವವು ಎರಡೂ ಆಗಬಹುದು: ಹೂವು 'ಇಲ್ ಫ್ಯೋರೆ', ಬೀಗದ ಕೈ 'ಲ ಕ್ಯಾವೆ'. ಅಲ್ಲಿಯೂ ಗುರುತುಗಳಿಲ್ಲದಿಲ್ಲ. 'ತ್ಸ್ಯೋನೆ' ಎಂದು ಮುಗಿಯುವ ಪಾಠ, ನಿಲ್ದಾಣ ಮೊದಲಾದ ಅರ್ಥದ ಪದಗಳು ಸ್ತ್ರೀಲಿಂಗ. 'ಓರೆ' ಎಂದು ಮುಗಿಯುವ ಬಣ್ಣ, ರುಚಿ, ನೋವು ಎಂಬ ಅರ್ಥದವು ಪುಲ್ಲಿಂಗ. ಗ್ರೀಕ್ ಮೂಲದ 'ಪ್ರೊಬ್ಲೇಮ', 'ಸಿಸ್ತೇಮ' ಅಕಾರಾಂತವಾದರೂ ಪುಲ್ಲಿಂಗ. ಕೈ ಎಂಬ ಅರ್ಥದ 'ಮಾನೊ' ಒಕಾರಾಂತವಾದರೂ ಸ್ತ್ರೀಲಿಂಗ. ತೋಳು, ಮೊಟ್ಟೆ, ಬೆರಳು, ತುಟಿಗಳಂತಹ ಕೆಲವು ಪದಗಳು ಏಕವಚನದಲ್ಲಿ ಪುಲ್ಲಿಂಗವಾಗಿದ್ದು ಬಹುವಚನದಲ್ಲಿ ಸ್ತ್ರೀಲಿಂಗವಾಗುತ್ತವೆ: 'ಇಲ್ ಬ್ರಚ್ಚೊ', 'ಲೆ ಬ್ರಚ್ಚ'. ಲ್ಯಾಟಿನ್ನಿನಲ್ಲಿದ್ದ ನಪುಂಸಕಲಿಂಗದ ಬಹುವಚನ ಬಿಟ್ಟುಹೋದ ಕುರುಹು ಅದು. ಹೀಗಾಗಿ ಯಾವ ನಾಮಪದವನ್ನೂ ಆರ್ಟಿಕಲ್ ಬಿಟ್ಟು ನೆನಪಿಟ್ಟುಕೊಳ್ಳಬಾರದು ಎಂದು ಮೊದಲ ದಿನವೇ ಹೇಳಬೇಕು. ನಮ್ಮ 'ಹೊಸ' ಎಂಬ ವಿಶೇಷಣ ಪುಸ್ತಕಕ್ಕೂ ಮನೆಗೂ ಮನೆಗಳಿಗೂ ಒಂದೇ; ಅವರ 'ನ್ವೋವೊ' ನಾಮಪದದ ಲಿಂಗವಚನಗಳಿಗೆ ತಕ್ಕಂತೆ ನಾಲ್ಕು ರೂಪ ತಾಳುತ್ತದೆ. ಅವರಲ್ಲಿ ವಿಶೇಷಣಗಳು ಹೆಚ್ಚಾಗಿ ನಾಮಪದದ ನಂತರ ಬರುತ್ತವೆ.

ಕ್ರಿಯಾಪದಕ್ಕೆ ಬಂದರೆ ನಾವು ಮತ್ತೆ ನಮ್ಮ ಮನೆಯಲ್ಲಿದ್ದೇವೆ. 'ಬರುತ್ತೇನೆ' ಎಂದರೆ ಸಾಕು, 'ನಾನು' ಬೇಕಿಲ್ಲ. 'ಪರ್ಲೊ' ಎಂದರೆ ಮಾತನಾಡುತ್ತೇನೆ, 'ಪರ್ಲಿ' ಎಂದರೆ ಮಾತನಾಡುತ್ತೀಯೆ, 'ಪರ್ಲ್ಯಾಮೊ' ಎಂದರೆ ಮಾತನಾಡುತ್ತೇವೆ. ಇಂಗ್ಲಿಷ್ ಪುಸ್ತಕ ಹಿಡಿದು ಕಲಿತವರು ಪ್ರತಿ ವಾಕ್ಯದ ಮೊದಲಿಗೂ 'ಇಓ, ಇಓ' ಎಂದು 'ನಾನು' ಸೇರಿಸುತ್ತಾರೆ. ಅದು ತಪ್ಪಲ್ಲವಾದರೂ ಕೇಳುವವರಿಗೆ 'ಬೇರೆ ಯಾರೂ ಅಲ್ಲ, ನಾನೇ' ಎಂದು ಒತ್ತಿ ಹೇಳಿದಂತೆ ಕೇಳಿಸುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಪ್ರಥಮಪುರುಷದಲ್ಲಿ ನಮ್ಮ ಆಖ್ಯಾತಪ್ರತ್ಯಯ ಅವನೋ ಅವಳೋ ಎಂಬುದನ್ನು ಹೇಳಿಬಿಡುತ್ತದೆ, ಅವರ 'ಪರ್ಲ' ಹೇಳುವುದಿಲ್ಲ. ಬಹುವಚನದ 'ಪರ್ಲನೊ' ರೂಪದಲ್ಲಿ ದನಿಯ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಅದನ್ನು 'ಪರ್ಲಾನೊ' ಎಂದು ಎಳೆಯುವುದು ಆರಂಭಿಕರ ಅತಿ ಸಾಮಾನ್ಯ ತಪ್ಪು. ಧಾತುಗಳು 'ಆರೆ', 'ಎರೆ', 'ಈರೆ' ಎಂದು ಮುಗಿಯುವ ಮೂರು ಗಣಗಳಾಗಿವೆ. ಮೂರನೆಯ ಗಣದ ಹಲವು ಧಾತುಗಳಿಗೆ ನಡುವೆ 'ಇಸ್ಕ್' ಎಂಬ ಆಗಮ ಬರುತ್ತದೆ: 'ಕಪೀರೆ' ಎಂಬುದರಿಂದ 'ಕಪಿಸ್ಕೊ', ಅರ್ಥವಾಗುತ್ತದೆ ಎಂದು.

ಇಟಾಲಿಯನ್ನಿನ ಬೆನ್ನೆಲುಬಾದ ಎರಡು ಕ್ರಿಯಾಪದಗಳು 'ಎಸ್ಸೆರೆ' ಮತ್ತು 'ಅವೇರೆ', ಅಂದರೆ ಆಗಿರುವುದು ಮತ್ತು ಹೊಂದಿರುವುದು. ಇವೆರಡೂ ಇಂಗ್ಲಿಷಿನಲ್ಲಿ ಇರುವುದರಿಂದ ಪುಸ್ತಕಗಳು ಇವನ್ನು ಒಂದು ಪುಟದಲ್ಲಿ ಮುಗಿಸುತ್ತವೆ. ಕನ್ನಡಿಗರು ನಿಲ್ಲಬೇಕಾದದ್ದು ಇಲ್ಲಿಯೇ, ಏಕೆಂದರೆ ಕನ್ನಡದ ಸಹಜ ವಾಕ್ಯದಲ್ಲಿ ಎರಡೂ ಇಲ್ಲ. 'ಇವನು ನನ್ನ ತಮ್ಮ' ಎಂಬಲ್ಲಿ ಕ್ರಿಯಾಪದವೇ ಇಲ್ಲ. ಇಟಾಲಿಯನ್ನಿನಲ್ಲಿ 'ಎ' ಎಂಬ ಒಂದಕ್ಷರದ ಕ್ರಿಯಾಪದ ಬಿಟ್ಟರೆ ವಾಕ್ಯ ಮುರಿಯುತ್ತದೆ. 'ನನಗೆ ಇಬ್ಬರು ಮಕ್ಕಳಿದ್ದಾರೆ' ಎಂಬಲ್ಲಿ ಹೊಂದಿರುವ ಮಾತಿಲ್ಲ, ಮಕ್ಕಳು ಇರುವ ಮಾತಿದೆ. ಅವರು 'ಓ ದೂಎ ಫೀಲ್ಯಿ' ಎಂದು ಹೊಂದಿರುವ ಕ್ರಿಯಾಪದವನ್ನೇ ಬಳಸುತ್ತಾರೆ. ನಮ್ಮ 'ನನಗೆ' ಎಂಬ ಚತುರ್ಥಿ ವಿಭಕ್ತಿಯ ರೂಪ ಇಟಾಲಿಯನ್ನಿಗೆ ಹೋದಾಗ ಎರಡು ದಾರಿಯಾಗಿ ಒಡೆಯುತ್ತದೆ ಎಂಬುದನ್ನು ಮನಗಂಡರೆ ಆರಂಭದ ಅರ್ಧ ಗೊಂದಲ ತೀರುತ್ತದೆ. ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಭಯ, ವಯಸ್ಸು ಇವೆಲ್ಲ 'ಅವೇರೆ'ಯ ಕಡೆಗೆ ಹೋಗುತ್ತವೆ: 'ಓ ಫಾಮೆ' ಎಂದರೆ ಹಸಿವಾಗಿದೆ, 'ಓ ತ್ರೆಂತಾನ್ನಿ' ಎಂದರೆ ನನಗೆ ಮೂವತ್ತು ವರ್ಷ. ಇಷ್ಟವಾಗುವುದು, ಅನ್ನಿಸುವುದು, ಬೇಕಾಗುವುದು, ಇಲ್ಲವಲ್ಲ ಎನ್ನಿಸುವುದು, ತಲೆ ನೋಯುವುದು ಇವು ಚತುರ್ಥಿಯಾಗಿಯೇ ಉಳಿಯುತ್ತವೆ: 'ಮಿ ಪ್ಯಾಚೆ' ಎಂದರೆ ನನಗೆ ಇಷ್ಟ, 'ಮಿ ಸೆಂಬ್ರ' ಎಂದರೆ ನನಗನ್ನಿಸುತ್ತದೆ.

ಈ 'ಮಿ ಪ್ಯಾಚೆ' ಎಂಬುದು ಇಂಗ್ಲಿಷ್ ಮಾತನಾಡುವವರಿಗೆ ದೊಡ್ಡ ತಲೆನೋವು. ಇಷ್ಟಪಡುವವನು ಕರ್ತೃವಲ್ಲ, ಇಷ್ಟವಾದ ವಸ್ತುವೇ ಕರ್ತೃ ಎಂದು ಅವರಿಗೆ ಚಿತ್ರ ಬರೆದು ವಿವರಿಸಬೇಕು. ವಸ್ತು ಒಂದಾದರೆ 'ಮಿ ಪ್ಯಾಚೆ', ಹಲವಾದರೆ 'ಮಿ ಪ್ಯಚ್ಚೊನೊ'. ಕನ್ನಡದಲ್ಲಿ 'ನನಗೆ ಆ ಪುಸ್ತಕ ಹಿಡಿಸಿತು', 'ನನಗೆ ಆ ಪುಸ್ತಕಗಳು ಹಿಡಿಸಿದವು' ಎನ್ನುವಾಗ ಕ್ರಿಯಾಪದ ನನ್ನನ್ನು ಬಿಟ್ಟು ಪುಸ್ತಕವನ್ನೇ ಅನುಸರಿಸುತ್ತದಲ್ಲವೆ? ಅದೇ ರಚನೆ, ಅದೇ ಚತುರ್ಥಿ, ಅದೇ ವಚನಹೊಂದಾಣಿಕೆ. ಹೀಗಿದ್ದೂ ನಮ್ಮ ವಿದ್ಯಾರ್ಥಿಗಳು ಮೊದಲು 'ಐ ಲೈಕ್' ಎಂದುಕೊಂಡು, ಅದನ್ನು ತಲೆಕೆಳಗು ಮಾಡಿ, ಆಮೇಲೆ ಇಟಾಲಿಯನ್ನಿಗೆ ಬರುತ್ತಾರೆ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ವಾಕ್ಯವನ್ನು ಹೀಗೆ ಪರದೇಶದ ಒಗಟೆಂಬಂತೆ ಬಿಡಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಗೌರವಸೂಚಕದ ವಿಷಯವೂ ಹೀಗೆಯೇ. ನೀನು, ನೀವು ಎಂಬ ಭೇದ ಅರಿಯದವರಿಗೆ 'ತು' ಮತ್ತು 'ಲೇಯ್' ನಡುವಿನ ಅಂತರವನ್ನು ಸಮಾಜಶಾಸ್ತ್ರದಂತೆ ಬೋಧಿಸಬೇಕಾಗುತ್ತದೆ; ನಮಗೆ ಬೇಡ. ನಮಗೆ ಹೇಳಬೇಕಾದದ್ದು ಒಂದೇ: ನಾವು ಗೌರವಕ್ಕೆ ಬಹುವಚನ ಬಳಸಿದರೆ ಅವರು ಪ್ರಥಮಪುರುಷದ ಏಕವಚನ ಬಳಸುತ್ತಾರೆ. 'ಲೇಯ್ ಪರ್ಲ' ಎಂದರೆ ಅವಳು ಮಾತನಾಡುತ್ತಾಳೆ ಎಂದೂ ಆಗುತ್ತದೆ, ತಾವು ಮಾತನಾಡುತ್ತೀರಿ ಎಂದೂ ಆಗುತ್ತದೆ. ಸಂಸ್ಕೃತದ 'ಭವಾನ್' ಶಬ್ದ ಎದುರಿಗಿದ್ದವರನ್ನು ಕುರಿತದ್ದಾದರೂ ಪ್ರಥಮಪುರುಷದ ಕ್ರಿಯಾಪದವನ್ನೇ ಬಯಸುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. 1938ರಲ್ಲಿ ಮುಸ್ಸೊಲಿನಿಯ ಆಡಳಿತ ಈ 'ಲೇಯ್' ಅನ್ನು ಕಿತ್ತುಹಾಕಿ ಬಹುವಚನದ 'ವೋಯ್' ಅನ್ನೇ ಗೌರವಕ್ಕೂ ಬಳಸಬೇಕೆಂದು ಒತ್ತಾಯಿಸಿತ್ತು. ಆಡಳಿತ ಹೋಯಿತು, 'ಲೇಯ್' ಉಳಿಯಿತು. ದಕ್ಷಿಣ ಇಟಲಿಯ ಕೆಲವೆಡೆ ಹಿರಿಯರನ್ನು 'ವೋಯ್' ಎನ್ನುವ ರೂಢಿ ಮಾತ್ರ ಇಂದಿಗೂ ಇದೆ, ಆದರೆ ಅದು ಆ ಒತ್ತಾಯದಿಂದ ಹುಟ್ಟಿದ್ದಲ್ಲ, ಅದಕ್ಕೂ ಹಳೆಯದು.

ಭೂತಕಾಲಕ್ಕೆ ಬಂದಾಗ 'ಎಸ್ಸೆರೆ' ಮತ್ತು 'ಅವೇರೆ' ಮತ್ತೆ ಎದುರಾಗುತ್ತವೆ. ದಿನಬಳಕೆಯ ಭೂತಕಾಲ ಇವೆರಡರಲ್ಲಿ ಒಂದಕ್ಕೆ ಕೃದಂತ ಸೇರಿಸಿ ಆಗುವಂಥದ್ದು. 'ಓ ಪರ್ಲಾತೊ' ಎಂದರೆ ಮಾತನಾಡಿದೆ. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು, ಆಗುವುದು ಮುಂತಾದವಕ್ಕೆ 'ಎಸ್ಸೆರೆ' ಬೇಕು, ಆಗ ಕೃದಂತ ಕರ್ತೃವಿನ ಲಿಂಗವಚನವನ್ನು ಅನುಸರಿಸುತ್ತದೆ. ಗಂಡಸು 'ಸೋನೊ ಅಂದಾತೊ' ಎಂದರೆ ಹೆಂಗಸು 'ಸೋನೊ ಅಂದಾತ' ಎನ್ನಬೇಕು. ಇಲ್ಲಿ ಕನ್ನಡಕ್ಕೂ ಇಟಾಲಿಯನ್ನಿಗೂ ಒಂದು ಅದಲುಬದಲು ನಡೆದಿದೆ: 'ಹೋಗುತ್ತಾನೆ', 'ಹೋಗುತ್ತಾಳೆ' ಎಂದು ನಾವು ಬೇರೆ ಮಾಡುವ ಕಡೆ ಅವರು ಸುಮ್ಮನಿರುತ್ತಾರೆ, 'ನಾನು ಹೋದೆ' ಎಂದು ನಾವು ಸುಮ್ಮನಿರುವ ಕಡೆ ಅವರು ಹೆಣ್ಣು ಗಂಡು ಹೇಳುತ್ತಾರೆ. ಚಲನೆಯ ಕ್ರಿಯಾಪದಗಳಿಗೆಲ್ಲ 'ಎಸ್ಸೆರೆ' ಎಂಬ ಸೂತ್ರ ಕೆಲವು ಪುಸ್ತಕಗಳಲ್ಲಿದೆ, ಅದನ್ನು ನಂಬಬಾರದು. ನಡೆಯುವುದೂ ಪ್ರಯಾಣ ಮಾಡುವುದೂ ಚಲನೆಯೇ, ಆದರೂ 'ಓ ಕಮ್ಮಿನಾತೊ', 'ಓ ವ್ಯಜ್ಜಾತೊ' ಎಂದೇ ಹೇಳಬೇಕು. ಹೋಗಿ ಒಂದು ಕಡೆ ಮುಟ್ಟುವ ಮಾತಿದೆಯೇ, ಬರಿಯ ನಡೆಯುವ ಕೆಲಸದ ಮಾತಿದೆಯೇ ಎಂದು ನೋಡಿದರೆ ಸೂತ್ರಕ್ಕಿಂತ ಹೆಚ್ಚು ಸಲ ಸರಿಯಾಗುತ್ತದೆ.

ವಿಭಕ್ತಿಪ್ರತ್ಯಯದ ಕೆಲಸ ಮಾಡುವ 'ದಿ, ಅ, ದ, ಇನ್, ಕೊನ್, ಸು, ಪೆರ್, ತ್ರ, ಫ್ರ' ಎಂಬ ಪೂರ್ವಪದಗಳನ್ನು ಇಟಲಿಯ ಮಕ್ಕಳು ಇದೇ ಕ್ರಮದಲ್ಲಿ ಬಾಯಿಪಾಠ ಮಾಡುತ್ತಾರೆ, ನಾವೂ ಮಾಡಬಹುದು. ಇವು ನಾಮಪದಕ್ಕೆ ಮೊದಲೇ ಬರುವುದನ್ನು ಒಪ್ಪಿಕೊಳ್ಳಲು ಕೆಲವು ದಿನ ಬೇಕು, ಅಷ್ಟೆ. 'ದ' ಎಂಬುದೊಂದೇ ವಿಚಿತ್ರ: 'ವೆಂಗೊ ದ ರೋಮ' ಎಂದರೆ ರೋಮಿನಿಂದ ಬರುತ್ತೇನೆ, ಆದರೆ 'ವಾದೊ ದಲ್ ಮೇದಿಕೊ' ಎಂದರೆ ವೈದ್ಯರ ಬಳಿಗೆ ಹೋಗುತ್ತೇನೆ. ನಾವೂ ಊರಿಗೆ ಹೋಗುತ್ತೇವೆ, ಡಾಕ್ಟರ ಹತ್ತಿರ ಹೋಗುತ್ತೇವೆ. ವ್ಯಕ್ತಿಯ ಬಳಿಗೆ ಹೋಗುವುದಕ್ಕೆ ಸ್ಥಳಕ್ಕೆ ಹೋಗುವುದಕ್ಕಿಂತ ಬೇರೆ ಮಾತು ಬೇಕೆಂಬುದು ಎರಡೂ ಭಾಷೆಗಳಿಗೆ ಗೊತ್ತು.

ಒಂದು ಭಾಷೆಯ ವ್ಯಾಕರಣವನ್ನು ಇನ್ನೊಂದರ ಚೌಕಟ್ಟಿನಲ್ಲಿ ನೋಡುವುದು ಹಳೆಯ ಪದ್ಧತಿಯೇ. 13ನೆಯ ಶತಮಾನದಲ್ಲಿ ಕೇಶಿರಾಜ ಸಂಸ್ಕೃತದ ಪರಿಭಾಷೆಯಿಟ್ಟುಕೊಂಡು ಕನ್ನಡಕ್ಕೆ ವ್ಯಾಕರಣ ಬರೆದ. 15ನೆಯ ಶತಮಾನದಲ್ಲಿ ಇಟಲಿಯ ವಿದ್ವಾಂಸ ಲಿಯೋನ್ ಬತ್ತಿಸ್ತ ಅಲ್ಬೆರ್ತಿ ಲ್ಯಾಟಿನ್ನಿನ ಚೌಕಟ್ಟಿಟ್ಟುಕೊಂಡು ಫ್ಲಾರೆನ್ಸಿನ ಆಡುನುಡಿಗೆ ವ್ಯಾಕರಣ ಬರೆದ. ಅವರಿಬ್ಬರೂ ತಮಗೆ ಚೆನ್ನಾಗಿ ಗೊತ್ತಿದ್ದ ವ್ಯಾಕರಣವನ್ನೇ ಆಧಾರವಾಗಿ ಹಿಡಿದರು. ನಾವು ಹಿಡಿಯುತ್ತಿರುವ ಇಂಗ್ಲಿಷ್ ವ್ಯಾಕರಣ ನಮ್ಮಲ್ಲಿ ಅನೇಕರಿಗೆ ಅರೆಬರೆ ಗೊತ್ತಿರುವಂಥದ್ದು. ಶಾಲೆಯಲ್ಲಿ ಕಲಿತ ಸಂಧಿ, ವಿಭಕ್ತಿ, ಆಖ್ಯಾತಪ್ರತ್ಯಯಗಳು ಅದಕ್ಕಿಂತ ಗಟ್ಟಿಯಾಗಿ ನೆನಪಿರುತ್ತವೆ.

ಆದ್ದರಿಂದ ಭಾಷಾ ಬೋಧಕರಲ್ಲಿ ಮತ್ತು ಪ್ರಕಾಶಕರಲ್ಲಿ ನನ್ನ ವಿನಂತಿ ಇಷ್ಟು: ಆರಂಭಿಕರಿಗೆಂದು ನೂರು ಪುಟ ಮೀರದ ಇಟಾಲಿಯನ್ ವ್ಯಾಕರಣವೊಂದು ಕನ್ನಡದಲ್ಲಿ, ಕನ್ನಡದ ವಾಕ್ಯಗಳನ್ನು ಎದುರಿಗಿಟ್ಟು ಬರಲಿ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ, ಭಾಷಾ ಕಲಿಕೆಯ ಮಟ್ಟಗಳನ್ನು ಗುರುತಿಸುವ ಚೌಕಟ್ಟಿನ ಎ1 ಮತ್ತು ಎ2 ಎಂಬ ಮೊದಲ ಎರಡು ಹಂತಗಳಿಗೆ ಬೇಕಾಗುವಷ್ಟನ್ನು, ಅಂದರೆ ವರ್ತಮಾನ, ಮೇಲೆ ಹೇಳಿದ ಭೂತಕಾಲ, ರೂಢಿಯನ್ನು ಹೇಳುವ ಅಪೂರ್ಣ ಭೂತ, ಸರ್ವನಾಮಗಳು, ಆಜ್ಞಾರ್ಥ ಇಷ್ಟನ್ನು, ಅದು ಒಳಗೊಂಡರೆ ಸಾಕು. ಕಾದಂಬರಿಗಳಲ್ಲಿ ಬರುವ ದೂರಭೂತವನ್ನೂ ಸಂಶಯ, ಆಶಯಗಳನ್ನು ಹೇಳುವ ಕೊಂಜುಂತೀವೊ ರೂಪಗಳನ್ನೂ ಮೊದಲ ವರ್ಷಕ್ಕೆ ತುರುಕುವ ಅಗತ್ಯವಿಲ್ಲ. ಪೆರುಜಾ ಮತ್ತು ಸಿಯೆನಾದ ವಿದೇಶೀಯರ ವಿಶ್ವವಿದ್ಯಾಲಯಗಳು ನಡೆಸುವ ಪರೀಕ್ಷೆಗಳನ್ನು ಬರೆಯುವವರಿಗೂ, 2018ರ ಕೊನೆಯಿಂದ ಇಟಲಿಯ ಪೌರತ್ವ ಕೋರುವ ಬಹುತೇಕರಿಗೆ ಕಡ್ಡಾಯವಾದ, ಅದೇ ಚೌಕಟ್ಟಿನ ಮುಂದಿನ ಬಿ1 ಹಂತದತ್ತ ಹೋಗುವವರಿಗೂ ಇದೇ ಬುನಾದಿ.

ಇಂಥ ಪುಸ್ತಕ ಬರೆಯುವವರು ಕನ್ನಡ ಲಿಪಿಯ ಮಿತಿಯನ್ನೂ ಗಮನದಲ್ಲಿಡಬೇಕು. ಒತ್ತು ಬೀಳುವ ಸ್ವರ ಸಾಮಾನ್ಯವಾಗಿ ದೀರ್ಘವಾಗುವ ಕಡೆ ನಮ್ಮ ದೀರ್ಘಚಿಹ್ನೆ ಚೆನ್ನಾಗಿ ಒದಗುತ್ತದೆ. ಆದರೆ ಎಕಾರ ಒಕಾರಗಳಲ್ಲಿ ಇಟಾಲಿಯನ್ನಿಗಿರುವ ತೆರೆದ ಉಚ್ಚಾರ, ಮುಚ್ಚಿದ ಉಚ್ಚಾರಗಳ ಭೇದವನ್ನೂ, 'ಲ್ಯಿ' ಎಂದು ನಾನು ಇಲ್ಲಿ ಬರೆದ ಧ್ವನಿಯನ್ನೂ, ಜ಼ಡ್ ಅಕ್ಷರದ ಎರಡು ಉಚ್ಚಾರಗಳನ್ನೂ ಅದು ಸರಿಯಾಗಿ ಹಿಡಿಯಲಾರದು. ಮೊದಲ ಎಂಟು ಹತ್ತು ಪಾಠಗಳವರೆಗೆ ಎರಡೂ ಲಿಪಿಗಳನ್ನು ಜೊತೆಯಲ್ಲಿ ಕೊಟ್ಟು, ಆಮೇಲೆ ಪದಗಳನ್ನು ರೋಮನ್ ಲಿಪಿಗೇ ಬಿಟ್ಟು, ವಿವರಣೆಯನ್ನು ಮಾತ್ರ ಕೊನೆಯವರೆಗೂ ಕನ್ನಡದಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ